ಪಾಸೂ ಇಲ್ಲ, ಫೇಲೂ ಇಲ್ಲ!

‘3 ಈಡಿಯಟ್ಸ್’ ನೋಡದವರು ಯಾರಾದರೂ ಇದ್ದೀರಾ? ಇದ್ದರೆ ಕೈ ಎತ್ತಿ! 2009ರ ಡಿಸೆಂಬರಿನಲ್ಲಿ ತೆರೆಕಂಡ ಆ ಹಿಂದಿ ಚಿತ್ರದಲ್ಲಿ ಅಮೀರ್ ಖಾನ್ ಮತ್ತು ಗೆಳೆಯರು ಓದುವ ಕಾಲೇಜು ಇದೆಯಲ್ಲ, ಕಲ್ಲಿನ ಗೋಡೆ, ಉದ್ದುದ್ದ ಪಡಸಾಲೆ, ಮೇಲಿಂದ ಇಳಿದು ಬರುವ ಬಳ್ಳಿ... ಕಥೆಯಲ್ಲಿ ಅದು ಇಂಜಿನಿಯರಿಂಗ್ ಕಾಲೇಜು. ಅಸಲಿಗೆ ಅದು ನಮ್ಮ ಬೆಂಗಳೂರಿನದೇ ಕಟ್ಟಡ ಸ್ವಾಮಿ! ಬನ್ನೇರುಘಟ್ಟ ರಸ್ತೆಯ ಐಐಎಂ, ಅಂದರೆ ವ್ಯಾಪಾರ-ವ್ಯವಹಾರ ನಡೆಸೋ ವಿದ್ಯೆ ಕಲಿಸುವ ಸಂಸ್ಥೆ. 1973ರಲ್ಲಿ ಶುರುವಾದದ್ದು. ಕಟ್ಟಡದ ನಕ್ಷೆ ಬಿ.ವಿ. ದೋಶಿಯವರದು.

ಈ ಸಂಗತಿಯನ್ನು ನಾನು ಸಿನಿಮಾ ಸುದ್ದಿ ಬರೆಯೋ ಉತ್ಸಾಹದಲ್ಲಿ ಒಂದು ದಿನ ಮನೆಯಲ್ಲಿ ಹೇಳಿದೆ. ಆಗ ಹೈಸ್ಕೂಲು ಮುಗಿಸುತ್ತಿದ್ದ ನನ್ನ ತಂಗಿ ಟಿವಿ ಕಡೆಯಿಂದ ಮುಖ ತಿರುಗಿಸಿ, “ಅಲ್ಲಿಗೆ ಸೇರಬೇಕಾದ್ರೆ ಏನು ಓದಬೇಕಣ್ಣ?” ಅಂದಳು. ನಾನು ಹೀರೋಯಿನ್ ಯಾರು ಅಂತ ಕೇಳ್ತಾಳೆ ಅಂದುಕೊಂಡಿದ್ದೆ!

ಅಲ್ಲಿಂದ ಶುರುವಾದ ಕಥೆ ಇದು. ನಾಯಕಿ ನನ್ನ ತಂಗಿ. ಖಳನಾಯಕನ ಹೆಸರು ಕ್ಯಾಟ್. ಬೆಕ್ಕಲ್ಲ, ಪರೀಕ್ಷೆ! ದೇಶದ ಎಲ್ಲ ಐಐಎಂಗಳಿಗೂ, ಬೇರೆ ನೂರಾರು ಕಾಲೇಜುಗಳಿಗೂ ಸೇರಿ ವರ್ಷಕ್ಕೆ ಒಂದೇ ಸಲ, ನವೆಂಬರ್ ತಿಂಗಳ ಒಂದು ಭಾನುವಾರ ನಡೆಯುತ್ತೆ. ಕಂಪ್ಯೂಟರ್ ಮುಂದೆ ಕೂತು ಬರೀಬೇಕು. 40 ನಿಮಿಷ ಇಂಗ್ಲಿಷು, 40 ನಿಮಿಷ ತರ್ಕ ಮತ್ತು ಅಂಕಿ-ಅಂಶ, 40 ನಿಮಿಷ ಲೆಕ್ಕ. ಆರಿಸುವ ಉತ್ತರ ಸರಿಯಾದರೆ 3 ಅಂಕ. ತಪ್ಪಾದರೆ ಇದ್ದದ್ದರಲ್ಲಿ 1 ಅಂಕ ಕಿತ್ತುಕೊಳ್ತಾರೆ. ಲೆಕ್ಕವೆಲ್ಲ ಹತ್ತನೇ ಕ್ಲಾಸಿನದೇ ಅಂತ ಹೇಳೋರುಂಟು. ಹೌದು, ಗರಡಿಮನೆಯ ಮಣ್ಣೂ ಹೊಲದ ಮಣ್ಣೇ, ಬಿದ್ದವರಿಗೆ ಗೊತ್ತು!

ನಾನು ಆ ಪರೀಕ್ಷೆ ಬರೆಯೋ ಹಾಗೇ ಇಲ್ಲ. ಅದಕ್ಕೆ ಡಿಗ್ರಿ ಬೇಕು. ನಾನು ಪಿಯುಸಿ ಎರಡನೇ ವರ್ಷದ ನಡುವೆ ಪುಸ್ತಕ ಮಡಚಿಟ್ಟವನು. ಆಟೋ ಓಡಿಸುತ್ತಿದ್ದ ನಮ್ಮಪ್ಪನ ಬೆನ್ನುಮೂಳೆ ಆ ವರ್ಷ ಕೈಕೊಟ್ಟಿತು. ಆರು ತಿಂಗಳು ಹಲಗೆ ಮೇಲೆ ಮಲಗಿದರು. ನಾನು ಡಿಟಿಪಿ ಅಂಗಡಿ ಸೇರಿದೆ. ಮದುವೆ ಕಾಗದ ಕಂಪೋಸ್ ಮಾಡ್ತಾ ಮಾಡ್ತಾ ಸಿನಿಮಾ ಪೋಸ್ಟರಿನ ಬರಹಕ್ಕೆ ಬಂದೆ, ಅಲ್ಲಿಂದ ಸಿನಿಮಾ ಸುದ್ದಿಗೆ ಬಂದೆ. ಈಗ ಇಪ್ಪತ್ತೆಂಟು. ಬರೆದದ್ದಕ್ಕೆ ಕಾಸು, ಬರೆಯದಿದ್ದರೆ ಚಹಾ! ಇದರಲ್ಲಿ ನನಗೇನೂ ಬೇಜಾರಿಲ್ಲ. ನಮ್ಮ ಮನೇಲಿ ಒಬ್ಬರು ಪುಸ್ತಕ ಮಡಚಿದ್ದು, ಇನ್ನೊಬ್ಬರು ಬಿಚ್ಚಿಕೊಂಡೇ ಇರಲಿ ಅಂತ. ಅಷ್ಟೆ.

ಮನೆ ಇರೋದು ಹೆಬ್ಬಾಳದ ಕೆಂಪಾಪುರದಲ್ಲಿ. ಏರ್‌ಪೋರ್ಟಿಗೆ ಹೋಗೋರು ಹೆಬ್ಬಾಳದ ಫ್ಲೈಓವರ್ ಮೇಲಿಂದ ನಮ್ಮನ್ನು ನೋಡದೇ ಹೋಗ್ತಾರೆ. ಕೆಳಗೆ ಇಳಿದರೆ ಪ್ರೆಸಿಡೆನ್ಸಿ, ಸಿಂಧಿ ಕಾಲೇಜಿನ ಹುಡುಗ ಹುಡುಗಿಯರು, ಆ ಕಡೆ ಮಾನ್ಯತಾ ಟೆಕ್ ಪಾರ್ಕಿಗೆ ಹೋಗೋ ಕ್ಯಾಬುಗಳು, ಮನೆ ಮನೆಗೂ ನೇತುಹಾಕಿದ ‘ಪಿಜಿ ಫಾರ್ ಲೇಡೀಸ್’, ‘ಪಿಜಿ ಫಾರ್ ಜೆಂಟ್ಸ್’ ಬೋರ್ಡುಗಳು. ಸಂಜೆ ಏಳು ಗಂಟೆಗೆ ಗೋಬಿ ಗಾಡಿ ಮುಂದೆ ನಿಂತರೆ ಇಪ್ಪತ್ತು ನಿಮಿಷದಲ್ಲಿ ಹಿಂದಿ, ತೆಲುಗು, ಬಂಗಾಳಿ, ಮಲಯಾಳಂ ಎಲ್ಲಾ ಕಿವಿಗೆ ಬೀಳುತ್ತೆ. ಅವರಲ್ಲಿ ಅರ್ಧ ಜನ ಯಾವುದಾದರೊಂದು ಪರೀಕ್ಷೆಗೆ ಕಟ್ಟಿದವರೇ. ನಮ್ಮದು ಎರಡು ರೂಮು, ಒಂದು ಅಡುಗೆಮನೆ. ಅಮ್ಮ ಸೀರೆಗೆ ಫಾಲ್ಸ್ ಹಾಕ್ತಾರೆ, ಕುಚ್ಚು ಕಟ್ತಾರೆ. ಹೊಲಿಗೆ ಮಿಷನ್ನು, ನನ್ನ ಲ್ಯಾಪ್‌ಟಾಪು, ತಂಗಿಯ ಪುಸ್ತಕ ಮೂರೂ ಒಂದೇ ಗೋಡೆಗೆ ಆನಿಕೊಂಡಿವೆ.

2021ರ ನವೆಂಬರ್ 28. ಬಿ.ಕಾಂ. ಕೊನೇ ವರ್ಷದಲ್ಲಿದ್ದಳು. ಮೊದಲ ದಂಡಯಾತ್ರೆ! ಅರ್ಜಿಗೆ 2200 ರೂಪಾಯಿ. ತಯಾರಿ ಅಂದರೆ ಲಾಕ್‌ಡೌನಿನಲ್ಲಿ ಮೊಬೈಲಿನಲ್ಲಿ ನೋಡಿದ ಪಾಠಗಳು, ಅವೆನ್ಯೂ ರಸ್ತೆಯಲ್ಲಿ ತಂದ ಎರಡು ಹಳೇ ಪುಸ್ತಕ. ಜನವರಿಯ ಮೊದಲ ವಾರ ಫಲಿತಾಂಶ ಬಂತು. 61.

“ಅರವತ್ತೊಂದಾ? ಫಸ್ಟ್ ಕ್ಲಾಸ್ ಬಂದ್ಲಲ್ಲೋ!” ಅಂತ ಅಮ್ಮ ಸಕ್ಕರೆ ಡಬ್ಬ ತೆಗೆದರು. ತಂಗಿ ಅಳ್ತಾ ಕೂತಿದ್ದಾಳೆ. ಅಪ್ಪನಿಗೆ ಸಕ್ಕರೆ ತಿನ್ನಬೇಕೋ ಬೇಡವೋ ಗೊತ್ತಾಗಲಿಲ್ಲ. ಕೊನೆಗೆ ತಿಂದರು.

ಅಂದ ಹಾಗೆ, ಆ ‘ಪರ್ಸೆಂಟೈಲ್’ ಅನ್ನೋದು ಶೇಕಡಾ ಅಂಕವಲ್ಲ. ಇದು ನನಗೂ ತಲೆಗೆ ಹತ್ತಲಿಕ್ಕೆ ವಾರ ಹಿಡಿಯಿತು. ಗೌರಿಬಿದನೂರಿನಿಂದ ನಮ್ಮ ದೊಡ್ಡಮ್ಮ ಬಂದಾಗ ಅವರಿಗೆ ವಿವರಿಸೋಕೆ ಹೋಗಿ ನನಗೇ ಬಿಡಿಸಿಕೊಂಡಿತು ಅನ್ನಿ.

“ಪಾಸಾದ್ಲಾ, ಫೇಲಾದ್ಲಾ? ಅದೊಂದು ಹೇಳು” ಅಂದರು ದೊಡ್ಡಮ್ಮ.

“ಎರಡೂ ಅಲ್ಲ ದೊಡ್ಡಮ್ಮ. ಈಗ ನೂರು ಜನ ಟಿಕೆಟ್ಟಿಗೆ ಸಾಲು ನಿಂತಿದ್ದಾರೆ ಅಂದ್ಕೊಳಿ. ನಮ್ಮ ಹುಡುಗಿ ಹಿಂದೆ ಅರವತ್ತೊಂದು ಜನ ಇದ್ದಾರೆ.”

“ಅಷ್ಟು ಜನಾನ ಹಿಂದೆ ಹಾಕಿದ್ಲು ಅಂದ್ಮೇಲೆ ಪಾಸೇ ಅಲ್ವೇನೋ!”

ಮಂಚದ ಮೇಲೆ ಮಲಗಿದ್ದ ಅಪ್ಪ ಕಣ್ಣು ಬಿಡದೆಯೇ ಕೇಳಿದರು: “ಕೌಂಟರಲ್ಲಿ ಟಿಕೆಟ್ ಎಷ್ಟಿದೆ ಅದು ಹೇಳೋ ಮೊದ್ಲು.”

ನೋಡಿ, ನಾಲ್ಕನೇ ಕ್ಲಾಸು ಓದಿದ ಮನುಷ್ಯ ಒಂದೇ ಮಾತಿನಲ್ಲಿ ಗಂಟು ಬಿಚ್ಚಿಬಿಟ್ಟರು! ಆ ವರ್ಷ ಪರೀಕ್ಷೆ ಬರೆದವರು ಸುಮಾರು 1.92 ಲಕ್ಷ. 61 ಅಂದರೆ ಅವಳ ಮುಂದೆ ಹತ್ತಿರ ಹತ್ತಿರ 75 ಸಾವಿರ ಜನ. ದೇಶದ ಐಐಎಂಗಳೆಲ್ಲ ಸೇರಿದರೂ ಕೌಂಟರಿನಲ್ಲಿರೋ ಟಿಕೆಟ್ಟು ಕೆಲವೇ ಸಾವಿರ. ಬಾಲ್ಕನಿಯಂತೂ ಬಿಡಿ, ಗಾಂಧಿ ಕ್ಲಾಸೂ ಸಿಗೋ ಸಾಲಲ್ಲ ಅದು.

ಸರಿ, ಮತ್ತೊಮ್ಮೆ ಬರೆಯೋಣ ಅಂದಳು. ಬರೀ ತಾಯಿ, ಯಾರು ಬೇಡ ಅಂದರು? ಕ್ಯಾಟ್‌ಗೆ ವಯಸ್ಸಿನ ಮಿತಿ ಇಲ್ಲ. ಎಷ್ಟು ಸಲ ಬೇಕಾದರೂ ಬರೀಬಹುದು. ಒಂದು ಸಲದ ಅಂಕ ಮುಂದಿನ ವರ್ಷದ ಕೊನೆವರೆಗೆ ಮಾತ್ರ ಚಲಾವಣೆ, ಆಮೇಲೆ ಹಳೇ ನೋಟಿನ ಹಾಗೆ. ಅರ್ಜಿಯ ಹಣ ಮಾತ್ರ ವರ್ಷಾ ವರ್ಷಾ ಏರುತ್ತೆ. 2022ರಲ್ಲಿ 2300, 2023ರಲ್ಲಿ 2400, 2024ರಲ್ಲಿ 2500. ಪರಿಶಿಷ್ಟರಿಗೆ, ಅಂಗವಿಕಲರಿಗೆ ಅರ್ಧ.

ಡಿಗ್ರಿ ಮುಗಿದ ಮೇಲೆ ಮಾನ್ಯತಾದ ಒಂದು ಕಂಪೆನಿಯಲ್ಲಿ ಬಿಲ್ಲು ತಾಳೆ ನೋಡೋ ಕೆಲಸಕ್ಕೆ ಸೇರಿದಳು. ರಾತ್ರಿ ಪಾಳಿ. ಬೆಳಗಿನ ಜಾವ ನಾಲ್ಕೂವರೆಗೆ ಕ್ಯಾಬು ಬಂದು ಬಿಡೋದು. ಹತ್ತಕ್ಕೆ ಎದ್ದು ಓದೋಕೆ ಕೂರೋಳು. ಅಮ್ಮ ಹೊಲಿಗೆ ಮಿಷನ್ ತುಳಿಯೋದನ್ನು ಮಧ್ಯಾಹ್ನಕ್ಕೆ ಮುಂದೂಡಿದರು, ಗಿರಾಕಿಗಳ ಹತ್ತಿರ ಬೈಸಿಕೊಂಡರು. ಸಂಬಳದಲ್ಲಿ ಉಳಿಸಿದ ಅರ್ಧ ಲಕ್ಷದ ಹತ್ತಿರ ಕೋಚಿಂಗಿಗೆ ಹೋಯಿತು. ಎರಡನೇ ಸಲ, 2022ರ ನವೆಂಬರ್ 27. ಬಂದದ್ದು 79. ಮುಂದೆ 46 ಸಾವಿರ ಚಿಲ್ಲರೆ ಜನ. ಸಾಲು ಚುರುಕಾಗಿ ಮುಂದೆ ಸರೀತಿದೆ ಅಂತ ಅಪ್ಪನಿಗೆ ಖುಷಿ.

ಆದರೆ ಅಂಕಪಟ್ಟಿ ಬಿಡಿಸಿ ನೋಡಿದಾಗ ಅಸಲು ರೋಗ ಕಂಡಿತು. ಲೆಕ್ಕದಲ್ಲಿ 90 ದಾಟಿದ್ದಾಳೆ. ಇಂಗ್ಲಿಷಿನಲ್ಲಿ 47! ಸರ್ಕಾರಿ ಶಾಲೆಯಲ್ಲಿ ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಪಠ್ಯಪುಸ್ತಕದ ಇಂಗ್ಲಿಷು ಬರುತ್ತೆ, ಆಫೀಸಿನ ಇಂಗ್ಲಿಷೂ ಬರುತ್ತೆ. ಆದರೆ ಕ್ಯಾಟ್‌ನಲ್ಲಿ ಕೊಡೋ ಗದ್ಯಭಾಗ ಇದೆಯಲ್ಲ, ಅದು ಬೇರೆ ಪ್ರಾಣಿ. ಒಂದು ಪುಟ ಓದಿದ ಮೇಲೆ ‘ಲೇಖಕರು ಇದನ್ನು ಒಪ್ಪುತ್ತಾರೆಯೇ, ಒಪ್ಪಿದಂತೆ ನಟಿಸುತ್ತಾರೆಯೇ’ ಅನ್ನೋ ಥರದ ಪ್ರಶ್ನೆ. ನಾಲ್ಕು ಉತ್ತರವೂ ಅವಳಿ-ಜವಳಿಯ ಹಾಗೆ. ಒಟ್ಟು ಅಂಕ ಎಷ್ಟೇ ಚೆನ್ನಾಗಿದ್ದರೂ ಮೂರರಲ್ಲಿ ಒಂದು ಭಾಗದಲ್ಲಿ ಗೆರೆಯ ಕೆಳಗೆ ಬಿದ್ದರೆ ಐಐಎಂ ಬಾಗಿಲು ತೆರೆಯಲ್ಲ. ಪ್ರತಿ ಭಾಗಕ್ಕೂ ಪ್ರತ್ಯೇಕ ಗೆರೆ ಎಳೆದಿರ್ತಾರೆ.

ಡಿಕ್ಷನರಿ ಬಾಯಿಪಾಠ ಮಾಡು ಅಂದರು ಕೋಚಿಂಗಿನವರು. ಮಾಡಿದಳು. ಏನೂ ಆಗಲಿಲ್ಲ. ಒಂದು ರಾತ್ರಿ, ಅವಳಿಗೆ ವಾರದ ರಜೆ. ನನಗೊಂದು ಸಂದರ್ಶನ ಬರೆದು ಮುಗಿಸೋದಿತ್ತು. ಒಂದು ಗದ್ಯಭಾಗವನ್ನು ಐದನೇ ಸಲ ಓದ್ತಾ ಇದ್ದಳು. ನನಗೆ ರೇಗಿತು.

“ಏನು ಹೇಳಿದಾನೆ ಅದರಲ್ಲಿ? ಕನ್ನಡದಲ್ಲಿ ಹೇಳು ನೋಡೋಣ” ಅಂದೆ.

“ಅದು... ಜೇನುಹುಳದ ಬಗ್ಗೆ ಅಣ್ಣ.”

“ಜೇನುಹುಳದ ಬಗ್ಗೆ ಏನು?”

ಸುಮ್ಮನೆ ಕೂತಳು. ಶಬ್ದಗಳೆಲ್ಲ ಗೊತ್ತು, ಸಂಗತಿ ಗೊತ್ತಿಲ್ಲ! ನಾನು ಪತ್ರಿಕೆ ಕೆಲಸದಲ್ಲಿ ಕಲಿತದ್ದು ಅದೊಂದೇ ವಿದ್ಯೆ. ನಿರ್ಮಾಪಕರು ಒಂದು ಗಂಟೆ ಇಂಗ್ಲಿಷು-ಕನ್ನಡ ಬೆರೆಸಿ ಮಾತಾಡಿರ್ತಾರೆ, ಅದರಲ್ಲಿ ಅವರು ಹೇಳಿದ್ದೇನು ಅಂತ ನಾಲ್ಕು ಸಾಲಿನಲ್ಲಿ ಹೇಳಬೇಕು. ‘ಹೀರೋ ಡೇಟ್ ಕೊಟ್ಟಿಲ್ಲ’ ಅನ್ನೋದಷ್ಟೇ ಎಷ್ಟೋ ಸಲ ಆ ಒಂದು ಗಂಟೆಯ ಸಾರ! ಅವತ್ತಿನಿಂದ ನಿಯಮ ಮಾಡಿದೆವು. ದಿನಕ್ಕೆ ಎರಡು ಗದ್ಯಭಾಗ. ಓದಿ, ಹಾಳೆ ಮುಚ್ಚಿ, ಅಮ್ಮನಿಗೆ ಅರ್ಥವಾಗೋ ಕನ್ನಡದಲ್ಲಿ ಹೇಳಬೇಕು. ಅಮ್ಮ ಕುಚ್ಚು ಕಟ್ತಾ ಕೇಳೋರು. ಅಮ್ಮನಿಗೆ ತಿಳಿಯದಿದ್ದರೆ ತಂಗಿಗೂ ತಿಳಿದಿಲ್ಲ ಅಂತ ಲೆಕ್ಕ. ಮತ್ತೆ ಓದು.

ಜೇನುಹುಳ, ಹಳೇ ಕಾಲದ ನಕ್ಷೆಗಳು, ಸಾಲ ಅನ್ನೋದು ಹೇಗೆ ಹುಟ್ಟಿತು, ಹಕ್ಕಿಗಳು ವಲಸೆ ಯಾಕೆ ಹೋಗ್ತವೆ, ವಸ್ತುಸಂಗ್ರಹಾಲಯದಲ್ಲಿರೋ ಕದ್ದ ಮಾಲು ಯಾರದು... ನಮ್ಮಮ್ಮ ಆರು ತಿಂಗಳಲ್ಲಿ ಕೇಳದ ವಿಷಯವೇ ಉಳಿಯಲಿಲ್ಲ. “ಸಾಲ ಕೊಟ್ಟೋನೇ ದೊಡ್ಡೋನು ಅಂತ ಬರೆಯೋಕೆ ಇಷ್ಟುದ್ದ ಬೇಕಿತ್ತಾ ಆ ಮಹಾನುಭಾವನಿಗೆ?” ಅಂತ ಒಂದು ದಿನ ಕೇಳಿದರು. ತಂಗಿ ಹಾಳೆ ತೆಗೆದು ನೋಡಿದರೆ, ಸರಿಯಾದ ಉತ್ತರ ಹೆಚ್ಚುಕಮ್ಮಿ ಅದೇ!

ಇಲ್ಲಿ ಒಬ್ಬರನ್ನು ನೆನೆಯಬೇಕು. ನಮ್ಮ ಗಡಿಯಾಚೆಯ ಕಾಸರಗೋಡು ಜಿಲ್ಲೆಯ ಪಾಣತ್ತೂರಿನ ರಂಜಿತ್ ರಾಮಚಂದ್ರನ್. 2021ರ ಏಪ್ರಿಲಿನಲ್ಲಿ ಅವರು ಟಾರ್ಪಾಲು ಹೊದಿಸಿದ ತಮ್ಮ ಪುಟ್ಟ ಮನೆಯ ಫೋಟೋ ಫೇಸ್‌ಬುಕ್ಕಿನಲ್ಲಿ ಹಾಕಿ, ಐಐಎಂ ಪ್ರಾಧ್ಯಾಪಕ ಹುಟ್ಟಿದ್ದು ಈ ಮನೆಯಲ್ಲಿ ಅಂತ ಬರೆದದ್ದು ದೇಶವೆಲ್ಲ ಸುತ್ತಿತು. ಹಗಲು ಕಾಲೇಜು, ರಾತ್ರಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಾವಲುಗಾರನ ಕೆಲಸ ಮಾಡಿ ಓದಿದವರು. ಐಐಟಿ ಮದ್ರಾಸಿಗೆ ಪಿಎಚ್‌ಡಿಗೆ ಹೋದಾಗ ಮಲಯಾಳಂ ಬಿಟ್ಟು ಬೇರೆ ಮಾತು ಬಾಯಿಗೆ ಬಾರದೆ, ಬಿಟ್ಟು ಬರೋಣ ಅಂದುಕೊಂಡಿದ್ದರಂತೆ. ಮಾರ್ಗದರ್ಶಕರು ಹಿಡಿದು ನಿಲ್ಲಿಸಿದರು. ಐಐಎಂ ರಾಂಚಿಯಲ್ಲಿ ಮೇಷ್ಟರಾದರು. ತಂಗಿ ಆ ಮನೆಯ ಚಿತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಂಡಿದ್ದಳು. ಅವರು ಬರೆದದ್ದು ಕ್ಯಾಟ್ ಅಲ್ಲ, ದಾರಿಯೇ ಬೇರೆ. ಆದರೆ ಭಾಷೆಯ ಗೋಡೆ ಒಂದೇ ಅಲ್ಲವೇ?

2023ರ ಜೂನ್ 11ರಿಂದ ಹೆಂಗಸರಿಗೆ ಬಸ್ ಪ್ರಯಾಣ ಪುಕ್ಕಟೆಯಾಯಿತು. ತಂಗಿಯ ಮಟ್ಟಿಗೆ ಅದು ತಿಂಗಳಿಗೆ ಮೂರು ಅಣಕು ಪರೀಕ್ಷೆಯ ದುಡ್ಡು! ಮೂರನೇ ಸಲ, 2023ರ ನವೆಂಬರ್ 26. ಬಂದದ್ದು 91. ಇಂಗ್ಲಿಷಿನಲ್ಲೂ 70 ಮುಟ್ಟಿತು. ಮನೆಯಲ್ಲಿ ಈ ಸಲ ಸಕ್ಕರೆ ಡಬ್ಬ ಯಾರೂ ತೆಗೆಯಲಿಲ್ಲ. ಎಲ್ಲರೂ ಅಪ್ಪನ ಮುಖ ನೋಡಿದರು. ನಾನು ಲೆಕ್ಕ ಹಾಕಿ ಹೇಳಿದೆ. ಬರೆದವರು 2.88 ಲಕ್ಷ, ಮುಂದಿರೋರು ಸುಮಾರು 26 ಸಾವಿರ.

“ಅಯ್ಯೋ, ಹತ್ರ ಬಂದ್ಬಿಟ್ಲು” ಅಂದರು ಅಮ್ಮ.

ಇದೇ ನೋಡಿ, ಇದೇ ಈ ಪರೀಕ್ಷೆಯ ಮಾಯೆ! ಎಸ್ಸೆಸ್ಸೆಲ್ಸಿಯಲ್ಲಿ ಪಾಸಿನ ಅಂಕ ಬಾರದಿದ್ದರೆ ಫೇಲು. ಮುಖಕ್ಕೆ ಹೊಡೆದ ಹಾಗೆ ಹೇಳ್ತಾರೆ, ಅತ್ತು ಎದ್ದು ಮುಂದಿನ ದಾರಿ ನೋಡ್ತೀವಿ. ಕ್ಯಾಟ್ ಯಾರಿಗೂ ಫೇಲು ಅಂತ ಹೇಳುವುದಿಲ್ಲ. 61 ಬಂದವನಿಗೆ 79 ಕಾಣುತ್ತೆ, 79 ಬಂದವಳಿಗೆ 91, 91 ಬಂದವಳಿಗೆ 99. ಗಾಂಧಿನಗರದಲ್ಲಿ ಹತ್ತು ವರ್ಷ ಓಡಾಡಿದವನಿಗೆ ಈ ರೋಗ ಚೆನ್ನಾಗಿ ಗೊತ್ತು ಸ್ವಾಮಿ. ಚಿತ್ರ ಹಿಟ್ ಆದ ನಿರ್ಮಾಪಕ ಬದುಕಿಕೊಂಡ. ಫ್ಲಾಪ್ ಆದವನು ಊರಿಗೆ ಹೋಗಿ ತೋಟ ನೋಡಿಕೊಂಡ. ಮನೆ ಮಾರಿಕೊಂಡದ್ದು ಯಾರು ಅಂದರೆ ‘ಆವರೇಜ್’ ಆದವನು! ಐವತ್ತು ದಿನ ಓಡಿತಲ್ಲ, ಇನ್ನೊಂದು ಮಾಡಿದರೆ ನೂರು ದಿನ ಗ್ಯಾರಂಟಿ ಅಂತ ಇನ್ನೊಂದು ಮಾಡಿದ.

ಫಲಿತಾಂಶ ಬಂದ ಮೂರನೇ ದಿನಕ್ಕೆ ಕೋಚಿಂಗಿನಿಂದ ಫೋನು. “ಮೇಡಂ, ಜಸ್ಟ್ ಮಿಸ್ ಆಯ್ತು ಮೇಡಂ. ಹಳೇ ಸ್ಟೂಡೆಂಟ್ಸಿಗೆ ಡಿಸ್ಕೌಂಟ್ ಇದೆ.” ಅವರ ಹೊಟ್ಟೆಪಾಡು ಅವರದು. ಆದರೆ ಒಂದು ಸಲವಾದರೂ ‘ಸಾಕು ತಾಯಿ’ ಅಂತ ಹೇಳಿದ್ದರೆ ನಾನು ಅವರ ಕಾಲಿಗೆ ಬೀಳ್ತಿದ್ದೆ!

ಅದೇ ರಾತ್ರಿ ತಂಗಿ ಮಹಡಿ ಮೆಟ್ಟಿಲ ಮೇಲೆ ಕೂತು ಅಂದಳು: “ನೀನು ಫೇಲು, ಮನೆಗೆ ಹೋಗು ಅಂತಾದ್ರೂ ಹೇಳಬಾರದಾ ಅಣ್ಣ? ಯಾರೂ ಹೇಳಲ್ಲ. ನಾನೇ ಹೇಳ್ಕೋಬೇಕಾ?”

ಅವಳಿಗೆ ಆಗ ಇಪ್ಪತ್ತೆರಡು ಮುಗಿದು ಇಪ್ಪತ್ತಮೂರು. ದೊಡ್ಡಮ್ಮ ಎರಡು ಗಂಡು ನೋಡಿ ಇಟ್ಟಿದ್ದರು. ಜೊತೆಯವರು ಆಫೀಸಿನಲ್ಲಿ ಒಂದು ಮೆಟ್ಟಿಲು ಮೇಲೆ ಹೋಗಿದ್ದರು. ಇವಳು ಓದೋಕೆ ಸಮಯ ಬೇಕು ಅಂತ ಆ ಮೆಟ್ಟಿಲು ಬೇಡ ಅಂದಿದ್ದಳು. ಇದೆಲ್ಲ ಅಂಕಪಟ್ಟಿಯಲ್ಲಿ ಬರೋದಿಲ್ಲ. ಒಬ್ಬಳು ಬರೆಯೋ ಪರೀಕ್ಷೆಗೆ ನಮ್ಮ ಮನೇಲಿ ನಾಲ್ಕು ಜನ ಕಟ್ಟಿದ್ದೆವು. ಅಪ್ಪ ಬೆನ್ನಿನ ಎಂಆರ್‌ಐ ಸ್ಕ್ಯಾನನ್ನು ‘ಮುಂದಿನ ವರ್ಷ ನೋಡೋಣ’ ಅಂತ ಎರಡು ಸಲ ಮುಂದೂಡಿದ್ದು ನನಗೆ ಗೊತ್ತಿತ್ತು. ತಂಗಿಗೆ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ. ಈಗ ಓದ್ತಾಳೆ, ಓದಲಿ.

ಇನ್ನೊಂದು ಸಂಗತಿ ಆ ವರ್ಷವೇ ತಿಳಿದದ್ದು. ಕ್ಯಾಟ್ ಅಂಕ ಒಂದೇ ಅಲ್ಲ. ಸಂದರ್ಶನಕ್ಕೆ ಕರೆಯುವಾಗ ಹತ್ತನೇ ಕ್ಲಾಸು, ಪಿಯುಸಿ, ಡಿಗ್ರಿ ಅಂಕಗಳನ್ನೂ ಹಲವು ಐಐಎಂಗಳು ತೂಗಿ ನೋಡುತ್ತವೆ. ಬೆಂಗಳೂರು ಐಐಎಂ ಕೂಡ. ತಂಗಿಗೆ ಹತ್ತನೇ ಕ್ಲಾಸಿನಲ್ಲಿ ಶೇ. 71. ಕ್ಯಾಟ್ ಹತ್ತು ಸಲ ಬರೀಬಹುದು, ಹದಿನೈದನೇ ವಯಸ್ಸಿನ ಆ ಪರೀಕ್ಷೆಯನ್ನು ಮತ್ತೆ ಬರೆಯೋಕೆ ಆಗುತ್ತಾ? ಆ ವರ್ಷ ಅಪ್ಪ ಹಾಸಿಗೆ ಹಿಡಿದಿದ್ದ ಕಾಲದ ಸಾಲ ಇನ್ನೂ ತೀರಿರಲಿಲ್ಲ. ಶಾಲೆಯಿಂದ ಬಂದು ಅಮ್ಮನ ಜೊತೆ ಕೂತು ಕುಚ್ಚು ಕಟ್ತಾ ಇದ್ದಳು. ಆ ಕುಚ್ಚು ಈಗಲೂ ಅವಳ ಕಾಲಿಗೆ ತೊಡರುತ್ತೆ! ಬೇರೆ ಬೇರೆ ಐಐಎಂಗಳ ಲೆಕ್ಕ ಬೇರೆ ಬೇರೆ. ಕೆಲವು ಹೆಣ್ಣುಮಕ್ಕಳಿಗೆ ಒಂದಿಷ್ಟು ಹೆಚ್ಚು ಅಂಕವನ್ನೂ ಕೊಡುತ್ತವೆ. ಇದನ್ನೆಲ್ಲ ಅರ್ಜಿ ಹಾಕೋ ಮೊದಲೇ ಅವರವರ ವೆಬ್‌ಸೈಟಿನಲ್ಲಿ ಓದಿಕೊಳ್ಳಬೇಕು. ತಯಾರಿಯಲ್ಲಿರೋ ಓದುಗರು ಯಾರಾದರೂ ಇದ್ದರೆ ದಯವಿಟ್ಟು ಗಮನಿಸಿ. ಲೆಕ್ಕದ ಸೂತ್ರಕ್ಕಿಂತ ಈ ಸೂತ್ರ ಮುಖ್ಯ.

ಅದು ತಿಳಿದ ಮೇಲೂ ಒಂದು ಭಾನುವಾರ, “ಆ ಕಾಲೇಜು ಹೊರಗಿಂದಾದ್ರೂ ನೋಡ್ಕೊಂಡ್ ಬರೋಣ” ಅಂದಳು. ಹೆಬ್ಬಾಳದಿಂದ ಮೆಜೆಸ್ಟಿಕ್, ಮೆಜೆಸ್ಟಿಕ್ಕಿನಿಂದ 365ನೇ ನಂಬರಿನ ಬಸ್ಸು. ಅವಳಿಗೆ ಗುಲಾಬಿ ಟಿಕೆಟ್ಟು, ನನಗೆ ಕಾಸಿನ ಟಿಕೆಟ್ಟು. ಗೇಟಿನ ಎದುರು ಹತ್ತು ನಿಮಿಷ ನಿಂತೆವು. ಒಳಗೆ ಹೋಗೋಕೆ ಕೇಳಲಿಲ್ಲ. ಮರಗಳ ನಡುವೆ ಕಲ್ಲಿನ ಗೋಡೆ ಸ್ವಲ್ಪ ಕಂಡಿತು. “ಪಿಕ್ಚರಲ್ಲಿ ಇನ್ನೂ ಚೆನ್ನಾಗಿತ್ತು ಕಣೋ” ಅಂದಳು. ಪಕ್ಕದ ದರ್ಶಿನಿಯಲ್ಲಿ ರವೆ ಇಡ್ಲಿ ತಿಂದು ವಾಪಸ್ಸು ಬಂದೆವು. ದಾರಿಯುದ್ದಕ್ಕೂ ಬೇರೆ ಐಐಎಂಗಳ ಪಟ್ಟಿ ಮಾಡಿದಳು. 2023ರಲ್ಲಿ ಮುಂಬೈಯದೂ ಸೇರಿ ಅವು 21 ಆಗಿದ್ದವು. ಒಂದೊಂದರ ಮುಂದೆಯೂ ಅವು ಹತ್ತನೇ ಕ್ಲಾಸಿಗೆ ಎಷ್ಟು ತೂಕ ಕೊಡುತ್ತವೆ ಅಂತ ಬರೆದುಕೊಂಡಳು.

ನಾಲ್ಕನೇ ಸಲಕ್ಕೆ ಮೊದಲು ಅವಳೇ ಒಂದು ಕರಾರು ಹಾಕಿದಳು. ಕೋಚಿಂಗಿಲ್ಲ, ಹೊಸ ಪುಸ್ತಕವಿಲ್ಲ, ಜೊತೆಗೆ ನಮ್ಮ ರಾಜ್ಯದ ಪರೀಕ್ಷಾ ಪ್ರಾಧಿಕಾರ ನಡೆಸೋ ಪಿಜಿಸಿಇಟಿಯನ್ನೂ ಬರೆಯೋದು. ಅದರಲ್ಲಿ ಸರ್ಕಾರಿ ಕೋಟಾದ ಎಂಬಿಎ ಸೀಟು ಸಿಕ್ಕರೆ ಐಐಎಂ ಶುಲ್ಕದ ಮುಂದೆ ಅದು ಚಿಲ್ಲರೆ ಕಾಸು. ಬೆಂಗಳೂರು ಐಐಎಂನಲ್ಲಿ ಎರಡು ವರ್ಷದ ಓದಿಗೆ 20 ಲಕ್ಷ ದಾಟುತ್ತೆ!

2024ರ ನವೆಂಬರ್ 24. ಬೆಳಗಿನ ಎಂಟೂವರೆಯ ಸರದಿ. ಊರಾಚೆಯ ಒಂದು ಕಾಲೇಜು. ಅಪ್ಪ ಹಟ ಹಿಡಿದು, ಗೆಳೆಯರ ಆಟೋ ಇಸಕೊಂಡು ತಾವೇ ಓಡಿಸಿಕೊಂಡು ಬಂದರು. ಎಷ್ಟು ಬೇಡ ಅಂದರೂ ಕೇಳಲಿಲ್ಲ. ಒಳಗೆ ವಾಚು ಕಟ್ಟೋ ಹಾಗಿಲ್ಲ, ಮೊಬೈಲ್ ಒಯ್ಯೋ ಹಾಗಿಲ್ಲ. ತಂಗಿ ಎಲ್ಲ ಬಿಚ್ಚಿ ನನ್ನ ಕೈಗೆ ಕೊಟ್ಟು ಹೋದಳು. ಗೇಟಿನ ಹೊರಗೆ ನಮ್ಮಂಥೋರೇ ನೂರಾರು ಜನ. ಒಬ್ಬ ಹುಡುಗ ಕೈಗೂಸು ಎತ್ತಿಕೊಂಡು ನಿಂತಿದ್ದ; ಹೆಂಡತಿ ಒಳಗೆ ಬರೀತಿದ್ದಾಳೆ, ಐದನೇ ಸಲವಂತೆ. ಆತನಿಗೂ ಅಪ್ಪನಿಗೂ ಅರ್ಧ ಗಂಟೆಯಲ್ಲಿ ಸ್ನೇಹವಾಯಿತು. ಇಬ್ಬರೂ ಸೇರಿ ಕೌಂಟರಿನಲ್ಲಿ ಎಷ್ಟು ಟಿಕೆಟ್ಟಿದೆ ಅಂತ ಲೆಕ್ಕ ಹಾಕ್ತಿದ್ದರು!

ಡಿಸೆಂಬರಿನಲ್ಲಿ ಬಂದದ್ದು 95. ಇಂಗ್ಲಿಷಿನಲ್ಲಿ 88. ಈ ಸಲ ಲೆಕ್ಕ ಹಾಕಿದವಳು ತಂಗಿಯೇ. ಬರೆದವರು ಸುಮಾರು 2.93 ಲಕ್ಷ, ಮುಂದಿರೋರು 14 ಸಾವಿರದ ಆರು ನೂರು ಚಿಲ್ಲರೆ. “ಇದೇ 95 ಮೊದಲನೇ ಸಲ ಬಂದಿದ್ರೆ ಮುಂದೆ 9600 ಜನ ಮಾತ್ರ ಇರ್ತಿದ್ರು” ಅಂತ ಹೇಳಿ ನಕ್ಕಳು. ಜನ ಹೆಚ್ಚಿದರೆ ಅದೇ ಅಂಕಕ್ಕೆ ಸಾಲು ಉದ್ದವಾಗುತ್ತೆ. ಮೆಜೆಸ್ಟಿಕ್ಕಿನಲ್ಲಿ ಹೊಸ ಚಿತ್ರದ ಮೊದಲ ದಿನ ನಿಂತವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಹೊಸ ಐಐಎಂಗಳಲ್ಲಿ ಹಲವು ಒಟ್ಟಿಗೆ ಸೇರಿ ಒಂದೇ ಸಂದರ್ಶನ ನಡೆಸುತ್ತವೆ. ಅದಕ್ಕೆ ಕರೆ ಬಂತು! ಕೆಂಪಾಪುರದ ನಮ್ಮ ಬೀದಿಗೆಲ್ಲ ಗೊತ್ತಾಯಿತು. ಸಂದರ್ಶನದಲ್ಲಿ ಮನೆಯವರ ಬಗ್ಗೆ ಕೇಳಿದರಂತೆ. ಅಣ್ಣ ಸಿನಿಮಾ ಪತ್ರಕರ್ತ ಅಂದಿದ್ದಾಳೆ. ಸರಿ, ‘ಕಾಂತಾರ’ ಯಾಕೆ ಗೆದ್ದಿತು ಅಂತ ಶುರುವಾಯಿತು. 2022ರ ಸೆಪ್ಟೆಂಬರ್ 30ಕ್ಕೆ ಅದನ್ನು ಮೊದಲು ಕನ್ನಡದಲ್ಲಿ ಮಾತ್ರ ಬಿಟ್ಟರು, ಇಲ್ಲಿನ ಜನ ಹೇಳಿದ್ದು ಹೊರಗೆ ಹಬ್ಬಿ ಬೇಡಿಕೆ ಎದ್ದ ಮೇಲೆ ಎರಡು ವಾರ ಬಿಟ್ಟು ಹಿಂದಿಗೆ ಹೋಯಿತು, ಪ್ರಚಾರದ ಖರ್ಚನ್ನು ಪ್ರೇಕ್ಷಕರೇ ಹೊತ್ತರು ಅಂತ ಇವಳು ಹೇಳಿದಳಂತೆ. ನಾನು ನಾಲ್ಕು ಪುಟ ಬರೆದದ್ದನ್ನು ನಾಲ್ಕು ಸಾಲಿನಲ್ಲಿ! ಅದೇ ರಿಷಬ್ ಶೆಟ್ಟಿ 2016ರಲ್ಲಿ ‘ರಿಕ್ಕಿ’ಗೆ ಒಂದು ಸಂಜೆ ಪ್ರದರ್ಶನ ಸಿಗೋಕೆ ಒದ್ದಾಡಿದ್ದನ್ನು ಮುಂದೆ ತಾವೇ ನೆನಪು ಮಾಡಿಕೊಂಡಿದ್ದುಂಟು.

ಸಂದರ್ಶನ ಚೆನ್ನಾಗಾಯಿತು. ಸೀಟು? ಕಾಯುವವರ ಪಟ್ಟಿ. ಅದರಲ್ಲಿ ಆರುನೂರು ಚಿಲ್ಲರೆ ನಂಬರು. ಏಪ್ರಿಲಿನಿಂದ ಜೂನಿನವರೆಗೆ ದಿನಾ ಬೆಳಗ್ಗೆ ಹಾಲಿನ ಪ್ಯಾಕೆಟ್ ಒಳಗೆ ತರೋ ಮೊದಲು ಪಟ್ಟಿ ನೋಡೋದು. ನಂಬರು ಇಳಿಯಿತು, ಇಳಿಯಿತು, ಇನ್ನು ಇನ್ನೂರೇ ಅನ್ನೋವಾಗ ನಿಂತುಬಿಟ್ಟಿತು. ಪಾಸೂ ಇಲ್ಲ, ಫೇಲೂ ಇಲ್ಲ, ಮತ್ತೆ ಅದೇ!

2025ರ ಜುಲೈ ಕೊನೆಗೆ ಹೊಸ ವರ್ಷದ ಕ್ಯಾಟ್ ಪ್ರಕಟಣೆ ಬಂತು. ಅಷ್ಟು ಹೊತ್ತಿಗೆ ಪಿಜಿಸಿಇಟಿಯಲ್ಲಿ ಒಳ್ಳೆಯ ರ್‍ಯಾಂಕು ಕೈಯಲ್ಲಿತ್ತು. ರಾತ್ರಿ ಲ್ಯಾಪ್‌ಟಾಪ್ ತೆಗೆದು ಆ ಪುಟ ನೋಡ್ತಾ ಕೂತಳು. ನಾನು ಪಕ್ಕದಲ್ಲೇ ಇದ್ದೆ. ಬೇಕು ಅಂದರೆ ದುಡ್ಡು ನಾನು ಕೊಡೋನು, ಬೇಡ ಅಂತ ಹೇಳೋ ಅಧಿಕಾರ ನನಗಿಲ್ಲ. ಅಮ್ಮನ ಮಿಷನ್ನೂ ನಿಂತಿತ್ತು. ಮನೇಲಿ ಯಾರೂ ಉಸಿರು ಬಿಡಲಿಲ್ಲ.

“2600 ಮಾಡಿದ್ದಾರೆ ಅಣ್ಣ. ಮತ್ತೆ ನೂರು ಜಾಸ್ತಿ” ಅಂದಳು. ಐದು ನಿಮಿಷ ಬಿಟ್ಟು ಲ್ಯಾಪ್‌ಟಾಪ್ ಮುಚ್ಚಿದಳು. “ಅಪ್ಪಂಗೆ ಸ್ಕ್ಯಾನಿಂಗ್ ಎಷ್ಟಾಗುತ್ತೆ ಕೇಳಿದ್ಯಾ?” ಅಂದಳು. ಅವಳಿಗೆ ಅದು ಯಾವಾಗ, ಯಾರಿಂದ ಗೊತ್ತಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಈಗ ಮೈಸೂರಿನಲ್ಲಿ ಎಂಬಿಎ ಓದ್ತಿದ್ದಾಳೆ, ಸರ್ಕಾರಿ ಕೋಟಾ ಸೀಟು. ಹಾಸ್ಟೆಲ್ ಊಟದಲ್ಲಿ ಉಪ್ಪು ಜಾಸ್ತಿ ಅಂತ ದೂರು ಬಿಟ್ಟರೆ ಬೇರೇನಿಲ್ಲ. ನಾಲ್ಕು ವರ್ಷದ ಅಣಕು ಪರೀಕ್ಷೆಯ ಹಾಳೆಗಳನ್ನು ಮೇಲಿನ ಪಿಜಿಯ ಕಲಬುರಗಿ ಹುಡುಗಿ ಒಯ್ದಿದ್ದಾಳೆ. ಅವಳದು ಮೊದಲನೇ ಸಲ. ಹತ್ತನೇ ಕ್ಲಾಸಿನಲ್ಲಿ ಎಷ್ಟು ಬಂದಿತ್ತು ಅಂತ ನಾನು ಮೊದಲು ಕೇಳಿದ್ದು ಅದನ್ನೇ. 93 ಅಂದಳು. ಹಾಗಾದರೆ ಬರಿಯಮ್ಮ ಅಂದೆ.

ಅಮ್ಮನಿಗೆ ಮಾತ್ರ ರಾತ್ರಿ ಒಂಬತ್ತಾದರೆ ಸುಮ್ಮನೆ ಕೂರೋಕೆ ಆಗಲ್ಲ. ಕುಚ್ಚು ಕೈಯಲ್ಲಿ ಹಿಡಿದು, ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಮೈಸೂರಿಗೆ ಮಾಡ್ತಾರೆ. ಊಟ ಆಯ್ತಾ, ಚಳಿ ಇದೆಯಾ ಆದ ಮೇಲೆ, “ಇವತ್ತು ಅದರಲ್ಲಿ ಏನು ಬರೆದಿದ್ನೇ ಆ ಮಹಾನುಭಾವ?” ಅಂತ ಕೇಳ್ತಾರೆ. ಆ ಕಡೆಯಿಂದ ಮಾರ್ಕೆಟಿಂಗ್ ಪಾಠ ಕನ್ನಡದಲ್ಲಿ ಬರ್ತಾ ಇರುತ್ತೆ. ಅಪ್ಪ ಸದ್ದು ಸ್ವಲ್ಪ ಜಾಸ್ತಿ ಮಾಡು ಅಂತಾರೆ.